ಬ್ಯಾಗ್ ತುಂಬುವ ಮುಂಚೆ ಮದುವೆ ಮನೆ ನೋಡಿಕೊಂಡು ಬನ್ನಿ

ನಿಮ್ಮ ಹತ್ತಿರ ಒಂದು ಒಳ್ಳೆ ಕ್ಯಾಮೆರಾ ಇದೆ ಅಂತ ನೆಂಟರಿಗೆ ಗೊತ್ತಾದರೆ ಸಾಕು, ಇವತ್ತಲ್ಲ ನಾಳೆ ಆ ಫೋನ್ ಬಂದೇ ಬರುತ್ತದೆ. ‘ಸಣ್ಣ ಮದುವೆ ಕಣಪ್ಪಾ, ಮನೆ ಮಟ್ಟಿಗೆ ಅಷ್ಟೇ. ಫೋಟೋದವರನ್ನ ಕರೆಸ್ತಿಲ್ಲ. ನೀನೇ ಒಂದಷ್ಟು ತೆಗೆದುಬಿಡು.’ ಇಲ್ಲಿ ಕೂತಿರುವ ಅರ್ಧ ಜನಕ್ಕೆ ಆ ಫೋನ್ ಈಗಾಗಲೇ ಬಂದಿದೆ ಅಂತ ನಿಮ್ಮ ನಗು ನೋಡಿದರೇ ಗೊತ್ತಾಗುತ್ತದೆ.

ಫೋನ್ ಇಟ್ಟ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ. ಲೆನ್ಸ್ ಬೆಲೆ ನೋಡಲು ಶುರು ಮಾಡುವುದು. ನನ್ನ ಹತ್ತಿರ ಬರುವ ಹುಡುಗರ ಮೊದಲ ಪ್ರಶ್ನೆಯೂ ಅದೇ: ‘ಸಾರ್, ಮದುವೆಗೆ ಯಾವ ಲೆನ್ಸ್ ತಗೊಳ್ಳಲಿ?’ ನಾನು ತಿರುಗಿ ಕೇಳುತ್ತೇನೆ, ‘ಮದುವೆ ಮನೆ ನೋಡಿದ್ದೀಯಾ?’ ನೋಡಿರುವುದಿಲ್ಲ. ಬ್ಯಾಗಿನಲ್ಲಿ ಏನಿರಬೇಕು ಅನ್ನುವುದನ್ನು ಅಂಗಡಿಯವನು ಹೇಳಲಾರ, ಯೂಟ್ಯೂಬ್‌ನವನೂ ಹೇಳಲಾರ. ಆ ಮನೆಯ ಗೋಡೆ, ಹಂದರ, ಟ್ಯೂಬ್‌ಲೈಟು, ಆ ಮನೆಯ ಅಜ್ಜಿ ಹೇಳುತ್ತಾರೆ. ಹಾಗಾಗಿ ಬ್ಯಾಗ್ ತುಂಬುವುದು ತಯಾರಿಯ ಕೊನೆಯ ಕೆಲಸ.

ಸಣ್ಣ ಮದುವೆ ಅಂದರೆ ಸುಲಭ ಅಂದುಕೊಳ್ಳಬೇಡಿ. ದೊಡ್ಡ ಕಲ್ಯಾಣ ಮಂಟಪದಲ್ಲಿ ಎತ್ತರದ ವೇದಿಕೆ ಇರುತ್ತದೆ, ವಿಡಿಯೋದವರ ಲೈಟ್ ಇರುತ್ತದೆ, ನಿಲ್ಲಲು ಜಾಗ ಇರುತ್ತದೆ. ನಿಮಗೆ ಒಂದು ಫ್ರೇಮ್ ತಪ್ಪಿದರೆ ಇನ್ನೊಬ್ಬ ಹಿಡಿದಿರುತ್ತಾನೆ. ಹಳೇ ದಾವಣಗೆರೆಯ ಓಣಿಯ ಮನೆಯಲ್ಲಿ ಇದ್ಯಾವುದೂ ಇಲ್ಲ. ಹತ್ತಕ್ಕೆ ಹನ್ನೆರಡು ಅಡಿ ಪಡಸಾಲೆ. ಅದರಲ್ಲೇ ಗಂಡು, ಹೆಣ್ಣು, ಅಯ್ಯನವರು, ಸೋದರಮಾವ, ಎರಡೂ ಕಡೆಯ ಬೀಗರು. ನಿಮಗೆ ಉಳಿಯುವುದು ಬಾಗಿಲ ಮೂಲೆ. ಮೇಲಾಗಿ ನೀವು ನೆಂಟರು. ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ‘ಲೇ, ಗಾಡಿ ತಗೊಂಡು ಹೋಗಿ ಹೂವಿನವನ ಹತ್ರ ಇನ್ನೆರಡು ಹಾರ ತಗೊಂಡು ಬಾ’ ಅಂತ ಕಳಿಸುತ್ತಾರೆ. ಅದಕ್ಕೂ ಮೊದಲೇ ದಾರಿ ಮಾಡಿಕೊಳ್ಳಬೇಕು. ಮನೆಯ ಹಿರಿಯರೊಬ್ಬರಿಗೆ ಹಿಂದಿನ ದಿನವೇ ಹೇಳಿಬಿಡಿ: ‘ನಾಳೆ ಊಟ ಆಗುವ ತನಕ ನಾನು ಯಾವ ಕೆಲಸಕ್ಕೂ ಇಲ್ಲ.’ ಒಂದು ಸಲ ಬೈದುಕೊಳ್ಳುತ್ತಾರೆ. ಪರವಾಗಿಲ್ಲ.

ಈಗ ಮನೆ ನೋಡುವ ವಿಷಯ. ಮುಹೂರ್ತ ಬೆಳಿಗ್ಗೆ ಹತ್ತೂವರೆಗೆ ಇದ್ದರೆ, ಎರಡು ಮೂರು ದಿನ ಮುಂಚೆ ಅದೇ ಹತ್ತೂವರೆಗೆ ಹೋಗಿ. ಸಂಜೆ ಹೋಗಿ ಕಾಫಿ ಕುಡಿದು ಬಂದರೆ ಏನೂ ಗೊತ್ತಾಗುವುದಿಲ್ಲ. ಗಂಡು ಹೆಣ್ಣು ಎಲ್ಲಿ ಕೂರುತ್ತಾರೆ ಅಂತ ಕೇಳಿ. ನಮ್ಮ ಕಡೆ ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿ ಕೂರಿಸುತ್ತಾರೆ. ಆ ಕಡೆ ಬಾಗಿಲೋ ಕಿಟಕಿಯೋ ಇದ್ದರೆ ನಿಮ್ಮ ಅದೃಷ್ಟ, ಬೆಳಕು ಮುಖದ ಮೇಲೆ ಬೀಳುತ್ತದೆ. ಅವರ ಬೆನ್ನ ಹಿಂದೆ ಬಾಗಿಲಿದ್ದರೆ ಕಷ್ಟ. ಹೊರಗಿನ ಬಿಸಿಲಿಗೆ ಬಾಗಿಲು ಬೆಳ್ಳಗೆ ಉರಿಯುತ್ತದೆ, ಮುಖ ಕಪ್ಪಾಗುತ್ತದೆ. ಅಲ್ಲಿ ಒಂದು ಪರದೆ ಕಟ್ಟಿಸಬಹುದೇ ಅಂತ ಆಗಲೇ ಕೇಳಬೇಕು, ಮದುವೆ ದಿನ ಅಲ್ಲ. ಮನೆಯ ಹುಡುಗನೊಬ್ಬನನ್ನು ಆ ಜಾಗದಲ್ಲಿ ಕೂರಿಸಿ, ನೀವು ನಿಲ್ಲಬಹುದಾದ ಮೂಲೆಗಳಿಂದ ಮೊಬೈಲಿನಲ್ಲೇ ಫೋಟೋ ತೆಗೆದುಕೊಳ್ಳಿ. ಮನೆಗೆ ಬಂದು ನೋಡಲು ಅಷ್ಟು ಸಾಕು.

ಹಂದರದ ಬಟ್ಟೆ ನೋಡಿ. ಇದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಕೆಂಪು ಹಳದಿ ಶಾಮಿಯಾನದ ಕೆಳಗೆ ಬಿಸಿಲು ಸೋಸಿ ಬರುವಾಗ ಎಲ್ಲರ ಮುಖವೂ ಕೆಂಪಾಗುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಸರಿ ಮಾಡಿದರೆ ಹೋಗುತ್ತದೆ ಅಂತೀರಿ. ಮುಖ ಸರಿ ಮಾಡಿದರೆ ಬಿಳಿ ಪಂಚೆ ನೀಲಿ ತಿರುಗುತ್ತದೆ, ಯಾಕಂದರೆ ಪಕ್ಕದಿಂದ ನೇರ ಬಿಸಿಲಿನ ಬೆಳಕೂ ಬಂದು ಸೇರಿರುತ್ತದೆ. ಎರಡು ಬಣ್ಣದ ಬೆಳಕನ್ನು ಒಂದೇ ಗುಂಡಿಯಿಂದ ಸರಿ ಮಾಡಲು ಆಗುವುದಿಲ್ಲ. ಅದರ ಬದಲು ಶಾಮಿಯಾನದವನಿಗೆ ‘ಧಾರೆ ಆಗುವ ಜಾಗಕ್ಕೆ ಮಾತ್ರ ಬಿಳಿ ಬಟ್ಟೆ ಹಾಕಪ್ಪ’ ಅಂದರೆ ಬಹಳಷ್ಟು ಸಲ ಹೆಚ್ಚಿಗೆ ದುಡ್ಡೂ ಕೇಳುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಬಿಸಿಲು ಬಿದ್ದರೆ ಕೆಳಗಿರುವವರಿಗೆ ಅಷ್ಟಗಲದ ಮೆತ್ತನೆ ಬೆಳಕು. ಅಷ್ಟು ದೊಡ್ಡ ಸಾಫ್ಟ್‌ಬಾಕ್ಸ್ ಬಾಡಿಗೆಗೂ ಸಿಗುವುದಿಲ್ಲ. ತೆಂಗಿನ ಗರಿಯ ಹಂದರ ಆದರೆ ಇನ್ನೊಂದು ಕಾಟ. ಗರಿಯ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಮುಖದ ಮೇಲೆ ಬೀಳುತ್ತದೆ. ಒಂದು ಕೆನ್ನೆ ಬೆಳ್ಳಗೆ, ಒಂದು ಕೆನ್ನೆ ಕಪ್ಪು. ಗರಿಯ ಮೇಲೆ ಒಂದು ಬಿಳಿ ಚಾದರ ಹಾಸಿಸಿದರೆ ಮುಗಿಯಿತು.

ಗೋಡೆ ಬಣ್ಣವನ್ನೂ ನೋಡಿಕೊಳ್ಳಿ. ಹಳೇ ಮನೆಗಳಲ್ಲಿ ನೀಲಿ, ಗಿಣಿ ಹಸಿರು ಬಣ್ಣ ಜಾಸ್ತಿ. ಆ ಗೋಡೆಗೆ ಫ್ಲ್ಯಾಶ್ ಹೊಡೆದು ಬೌನ್ಸ್ ಮಾಡಿದರೆ, ಅಂದರೆ ಬೆಳಕನ್ನು ಗೋಡೆಯಿಂದ ಪುಟಿಸಿದರೆ, ಅರಿಶಿಣ ಹಚ್ಚಿದ ಮುಖದ ಮೇಲೆ ಹಸಿರು ಬೆಳಕು. ಹೇಗಿರುತ್ತದೆ ಅಂತ ನೀವೇ ಊಹಿಸಿಕೊಳ್ಳಿ.

ಆಮೇಲೆ ಸ್ವಿಚ್ ಹಾಕಿ ಲೈಟ್ ಪರೀಕ್ಷೆ ಮಾಡಿ. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್. ಅದರಿಂದ ಹಳೇ ಚೋಕ್ ಇರುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗುತ್ತಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಶಬ್ದ ಬಾರದಿರಲಿ ಅಂತ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಹಾಕಿದಿರೋ, ಫೋಟೋದ ಮೇಲೆ ಅಡ್ಡ ಪಟ್ಟಿಗಳು ಬರುತ್ತವೆ. ಒಂದು ಟೆಸ್ಟ್ ಮಾಡಿ. ಶಟರ್ ವೇಗ 1/1000 ಸೆಕೆಂಡಿಗೆ ಇಟ್ಟು ಬಿಳಿ ಗೋಡೆಯ ಎಂಟ್ಹತ್ತು ಫೋಟೋ ತೆಗೆಯಿರಿ. ಪಟ್ಟಿ ಬಂದರೆ, ಅಥವಾ ಒಂದು ಫೋಟೋ ಬೆಳ್ಳಗೆ ಇನ್ನೊಂದು ಮಬ್ಬಾಗಿ ಬಂದರೆ, ಆ ಮನೆಯಲ್ಲಿ ಮೆಕ್ಯಾನಿಕಲ್ ಶಟರ್ ಬಳಸಿ, 1/100ರಲ್ಲೋ 1/50ರಲ್ಲೋ ನಿಲ್ಲಿ. ಈಚಿನ ಕ್ಯಾಮೆರಾಗಳ ಮೆನುವಿನಲ್ಲಿ ಆಂಟಿ ಫ್ಲಿಕರ್ ಅಂತ ಒಂದು ಆಯ್ಕೆ ಇರುತ್ತದೆ. ಬೆಳಕು ಏರಿದ ಕ್ಷಣ ನೋಡಿ ಶಟರ್ ಬಿಡುವ ಹಾಗೆ ಅದು ಹೊಂದಿಸಿಕೊಳ್ಳುತ್ತದೆ. ಇದ್ದರೆ ಆನ್ ಮಾಡಿಕೊಳ್ಳಿ.

ಮನೆಯಿಂದ ಹೊರಡುವ ಮುಂಚೆ ಅಜ್ಜಿ ಹತ್ತಿರ ಕೂತುಕೊಳ್ಳಿ. ಅಜ್ಜಿ ಇಲ್ಲದಿದ್ದರೆ ಸೋದರತ್ತೆ. ಯಾವ ಶಾಸ್ತ್ರ ಆದಮೇಲೆ ಯಾವುದು ಅಂತ ಕೇಳಿ ಬರೆದುಕೊಳ್ಳಿ. ಮದುವೆ ಶಾಸ್ತ್ರ ಎಲ್ಲರಿಗೂ ಗೊತ್ತು ಅಂತೀವಿ, ಆದರೆ ಮನೆಯಿಂದ ಮನೆಗೆ ಬೇರೆ. ಒಂದು ಮನೆಯಲ್ಲಿ ಕುಂಬಾರರ ಮನೆಯಿಂದ ಐರಣಿ (ಮದುವೆಯ ಮಡಕೆಗಳು) ತರುತ್ತಾರೆ, ಸುರಗಿ ಸುತ್ತುತ್ತಾರೆ. ಇನ್ನೊಂದು ಮನೆಯಲ್ಲಿ ಅಂತರಪಟ ಹಿಡಿದು ಜೀರಿಗೆ ಬೆಲ್ಲ. ಒಂದು ಕಡೆ ಹೋಮದ ಹೊಗೆ, ಇನ್ನೊಂದು ಕಡೆ ಪಂಚಕಳಸ ಇಟ್ಟು ಹೋಮವೇ ಇಲ್ಲ. ಇದು ಸಂಪ್ರದಾಯದ ಪಾಠ ಅಲ್ಲ, ನೇರವಾಗಿ ಕ್ಯಾಮೆರಾ ವಿಷಯ. ಸುರಗಿ ಅಂದರೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಕೂರಿಸಿ ನೀರು ಹಾಕುವುದು. ಅಲ್ಲಿ ನೀರು ಎರಚುತ್ತದೆ, ಜಾಗ ಅಂಗಳ, ಬಿಸಿಲು ನೇರ. ಅಂತರಪಟ ಅಂದರೆ ಬಟ್ಟೆ ಸರಿಯುವ ಒಂದೇ ಕ್ಷಣ, ನೀವು ಪಕ್ಕದಲ್ಲಿ ನಿಂತಿರಬೇಕು, ಎದುರಿಗೆ ಅಲ್ಲ. ಯಾವ ಲೆನ್ಸ್ ಯಾವಾಗ ಕ್ಯಾಮೆರಾ ಮೇಲೆ ಇರಬೇಕು ಅನ್ನುವುದನ್ನು ಈ ಪಟ್ಟಿಯೇ ಹೇಳುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ಹಿಂದಿನ ಸ್ಟುಡಿಯೋದವರು ಕುತ್ತಿಗೆಗೆ ಎರಡು ಕಣ್ಣಿನ ಕ್ಯಾಮೆರಾ ನೇತು ಹಾಕಿಕೊಂಡು ಬರುತ್ತಿದ್ದರಲ್ಲ, ಅದಕ್ಕೆ ‘120’ ಅನ್ನುವ ಅಳತೆಯ ಫಿಲ್ಮ್ ರೋಲು. ಚೌಕದ ಫೋಟೋ, ಒಂದು ರೋಲಿಗೆ 12. ಮೇಲಿನಿಂದ ಬಗ್ಗಿ ನೋಡಬೇಕು, ಎಡ ಬಲ ತಿರುಗಿ ಕಾಣುತ್ತದೆ. ನಿಮ್ಮ ಮನೆಯ ಹಳೇ ಆಲ್ಬಮ್ ತೆಗೆದು ನೋಡಿ. ಮೂರು ನಾಲ್ಕು ರೋಲಿನಲ್ಲಿ ಇಡೀ ಮದುವೆ ಇರುತ್ತದೆ, ಧಾರೆ ತಪ್ಪಿರುವುದಿಲ್ಲ, ಮಾಂಗಲ್ಯ ತಪ್ಪಿರುವುದಿಲ್ಲ. ಅವರ ಹತ್ತಿರ ಪಟ್ಟಿ ತಲೆಯಲ್ಲೇ ಇತ್ತು. ನಮ್ಮ ಹತ್ತಿರ ಸಾವಿರಾರು ಫೋಟೋಕ್ಕೆ ಜಾಗ ಇದೆ, ಪಟ್ಟಿ ಇಲ್ಲ. ಸರಿ, ಮುಂದೆ ಹೋಗೋಣ.

ಲೆನ್ಸ್. ಎಲ್ಲರೂ ಕಾಯುತ್ತಿರುವುದು ಇದಕ್ಕೇ ಅಲ್ವಾ? ಬಹಳ ಜನರ ಹತ್ತಿರ ಇರುವುದು ಎಪಿಎಸ್‌ಸಿ ಸೆನ್ಸರ್ ಕ್ಯಾಮೆರಾ (ಸೆನ್ಸರ್ ಅಂದರೆ ಬೆಳಕು ಹಿಡಿಯುವ ಚಿಪ್). ನಿಕಾನ್, ಸೋನಿ, ಫ್ಯೂಜಿ ಆದರೆ ಸೆನ್ಸರ್ ಅಗಲ ಸುಮಾರು 23.5 ಮಿಲಿಮೀಟರ್, ಕ್ಯಾನನ್ ಇನ್ನೂ ಸ್ವಲ್ಪ ಚಿಕ್ಕದು. ಒಂದು ಸಣ್ಣ ಲೆಕ್ಕ ಕಲಿತುಬಿಡಿ. ಸೆನ್ಸರ್ ಅಗಲವನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ, ನೀವು ನಿಂತ ದೂರದಿಂದ ಗುಣಿಸಿ. ಎಷ್ಟು ಅಗಲ ಫ್ರೇಮಿಗೆ ಬರುತ್ತದೆ ಅಂತ ಗೊತ್ತಾಗುತ್ತದೆ. ಪಡಸಾಲೆಯಲ್ಲಿ ನಿಮಗೆ ಸಿಗುವುದು ಮೂರು ಮೀಟರ್ ಅಂದುಕೊಳ್ಳಿ. 50 ಎಂಎಂ ಲೆನ್ಸ್ ಹಾಕಿದರೆ ಬರುವುದು 1.4 ಮೀಟರ್. ಗಂಡು, ಹೆಣ್ಣು, ಮುಗಿಯಿತು. ಅಪ್ಪ ಅಮ್ಮ ಹೊರಗೆ. 35 ಎಂಎಂ ಆದರೆ 2 ಮೀಟರ್. ನಿಮ್ಮ ಕ್ಯಾಮೆರಾ ಜೊತೆ ಬಂದ 18-55 ಲೆನ್ಸಿನಲ್ಲಿ 18ಕ್ಕೆ ಇಟ್ಟರೆ 3.9 ಮೀಟರ್. ಇಡೀ ಮನೆಯವರು ಬಂದರು. ಎಲ್ಲರೂ ‘ಕಿಟ್ ಲೆನ್ಸ್’ ಅಂತ ಮೂಗು ಮುರಿಯುತ್ತಾರೆ, ಆದರೆ ಸಣ್ಣ ಮನೆಯಲ್ಲಿ ಅದನ್ನು ಬಿಟ್ಟು ಹೋಗುವುದು ದಡ್ಡತನ.

ಹಾಗಾದರೆ 50 ಎಂಎಂ, ಎಫ್ 1.8 ಬೇಡವಾ? ಬೇಕು. ಕಿಟ್ ಲೆನ್ಸ್ 55 ಎಂಎಂಗೆ ಹೋದಾಗ ಅದರ ಬಾಯಿ ಎಫ್ 5.6 (ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು). ಅದಕ್ಕೂ 1.8ಕ್ಕೂ ಬೆಳಕಿನಲ್ಲಿ ಹೆಚ್ಚು ಕಡಿಮೆ ಹತ್ತು ಪಟ್ಟು ವ್ಯತ್ಯಾಸ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸಿದಷ್ಟೂ ಫೋಟೋ ಕಾಳುಕಾಳು) 6400ರಲ್ಲಿ ತೆಗೆಯಬೇಕಾದ ಫೋಟೋವನ್ನು 640ರಲ್ಲಿ ತೆಗೆಯಬಹುದು. ದೇವರ ಕೋಣೆ, ಮುಂಜಾನೆ ಅರಿಶಿಣ, ಹೆಣ್ಣಿಗೆ ಅಲಂಕಾರ ಮಾಡುವ ಒಳಕೋಣೆ, ಇಲ್ಲೆಲ್ಲ ಅದೇ ಗತಿ. ಬೆಲೆಯೂ ಹಲವು ಕಂಪನಿಗಳಲ್ಲಿ ಕಡಿಮೆ ಇರುವ ಲೆನ್ಸ್ ಅದು. ಆದರೆ ಒಂದು ಎಚ್ಚರಿಕೆ. ಎರಡು ಮೀಟರ್ ದೂರದಿಂದ 1.8ರಲ್ಲಿ ತೆಗೆದರೆ ಚೆನ್ನಾಗಿ ಫೋಕಸ್ ಇರುವ ಆಳ ಹನ್ನೊಂದು ಹನ್ನೆರಡು ಸೆಂಟಿಮೀಟರ್ ಅಷ್ಟೇ. ಮಾಂಗಲ್ಯ ಕಟ್ಟುವಾಗ ಗಂಡು ಹೆಣ್ಣಿನ ಹಿಂದೆ ಬಾಗಿರುತ್ತಾನೆ. ಹೆಣ್ಣಿನ ಕಣ್ಣು ಸೂಜಿಯಂತೆ ಬರುತ್ತದೆ, ಗಂಡಿನ ಮುಖ ಮಸುಕು. ಅವನ ತಾಯಿ ಅದನ್ನು ಒಪ್ಪುತ್ತಾರಾ? ಇಬ್ಬರಿದ್ದಾಗ ಎಫ್ 4ಕ್ಕೆ ಬನ್ನಿ, ಆಳ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ.

ಫುಲ್‌ಫ್ರೇಮ್ (ಇನ್ನೂ ದೊಡ್ಡ ಸೆನ್ಸರ್) ಇರುವವರಿಗೆ 24-70, ಎಫ್ 2.8 ಒಂದೇ ಸಾಕು. ಗೆಳೆಯರಿಂದಲೋ ಬಾಡಿಗೆಗೋ ತರುವುದಾದರೆ ಎರಡು ದಿನ ಮುಂಚೆ ತನ್ನಿ. ಮೌಂಟ್ (ಲೆನ್ಸ್ ಕ್ಯಾಮೆರಾಗೆ ಕೂರುವ ಬಾಯಿ) ಹೊಂದುತ್ತದೆಯೇ ನೋಡಿ, ಹಾಕಿ, ಮನೆಯಲ್ಲಿ ನೂರು ಫೋಟೋ ತೆಗೆಯಿರಿ. ಝೂಮ್ ಯಾವ ಕಡೆ ತಿರುಗುತ್ತದೆ ಅನ್ನುವುದೂ ಕಂಪನಿಯಿಂದ ಕಂಪನಿಗೆ ಬೇರೆ. ಗಟ್ಟಿಮೇಳದ ಹೊತ್ತಿನಲ್ಲಿ ಅದನ್ನು ಕಲಿಯಲು ಆಗುವುದಿಲ್ಲ.

ಫ್ಲ್ಯಾಶ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಮನೆ ನೋಡಿ ಬಂದಿದ್ದರೆ ಅರ್ಧ ಉತ್ತರ ಸಿಕ್ಕಿರುತ್ತದೆ. ಬಿಳಿ ಆರ್‌ಸಿಸಿ ಸೂರು, ಹತ್ತು ಅಡಿ ಎತ್ತರ ಇದ್ದರೆ ಫ್ಲ್ಯಾಶ್ ತಲೆ ಮೇಲಕ್ಕೆ ಎತ್ತಿ ಬೌನ್ಸ್ ಮಾಡಿ, ಚಿನ್ನದಂಥ ಬೆಳಕು. ಹಳೇ ಮನೆಯ ತೊಲೆ, ಜಂತೆ, ಹೆಂಚು ಆದರೆ ಕಪ್ಪು ಮರ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ, ಇದು ಲೆಕ್ಕ. ಎತ್ತರದ ಸೂರಿಗೆ ಹೊಡೆದು ಹೊಡೆದು ಸೆಲ್ ಖಾಲಿ ಮಾಡಬೇಡಿ. ಅಂಥ ಮನೆಯಲ್ಲಿ ಎದುರು ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿ, ಅದಕ್ಕೆ ಬೌನ್ಸ್ ಮಾಡಿ. ಎಎ ಸೆಲ್ ಹಾಕುವ ಫ್ಲ್ಯಾಶ್ ಆದರೆ ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲೇ ತಗೊಳ್ಳಿ. ಅದರ ಮೇಲೆ 1.2 ವೋಲ್ಟ್ ಅಂತ ಬರೆದಿರುತ್ತದೆ, ಅಂಗಡಿಯ ಆಲ್ಕಲೈನ್ 1.5 ವೋಲ್ಟ್. ಕಡಿಮೆ ಅಂತ ಅನ್ನಿಸುತ್ತದೆ. ಆದರೆ ಅದು ಕರೆಂಟನ್ನು ಬೇಗ ಬಿಡುತ್ತದೆ, ಹಾಗಾಗಿ ಒಂದು ಫ್ಲ್ಯಾಶ್‌ಗೂ ಇನ್ನೊಂದಕ್ಕೂ ನಡುವೆ ಕಾಯುವುದು ಕಡಿಮೆ. ಹೊಸ ಸೆಲ್, ಹಳೇ ಸೆಲ್ ಸೇರಿಸಬೇಡಿ.

ಹೊರಗೆ ಅಂಗಳದಲ್ಲಿ ಸ್ಟ್ಯಾಂಡ್ ಮೇಲೆ ಛತ್ರಿ ಲೈಟ್ ಇಡುವ ಆಸೆ ಇದ್ದರೆ, ಚಿತ್ರದುರ್ಗದ ಕಡೆಯ ಮದುವೆಯಲ್ಲಿ ಎರಡು ಸಲ ಯೋಚನೆ ಮಾಡಿ. ಆ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ. ಛತ್ರಿ ಹಾರುತ್ತದೆ, ಜೊತೆಗೆ ಫ್ಲ್ಯಾಶೂ ಹಾರುತ್ತದೆ. ಇಡಲೇಬೇಕು ಅಂದರೆ ಸ್ಟ್ಯಾಂಡಿನ ಬುಡಕ್ಕೆ ಹತ್ತು ಕೆಜಿ ಮೆಕ್ಕೆಜೋಳದ ಚೀಲ ಕಟ್ಟಿ. ನಮ್ಮ ಜಿಲ್ಲೆಯ ಯಾವ ಮನೆಯಲ್ಲಿ ಅದಕ್ಕೆ ಬರ ಹೇಳಿ.

ಈಗ ಕಾರ್ಡು, ಬ್ಯಾಟರಿ. ನನ್ನನ್ನು ಕೇಳಿದರೆ ಲೆನ್ಸಿಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಇಲ್ಲಿ. ಲೆನ್ಸ್ ಸರಿ ಇಲ್ಲದಿದ್ದರೆ ಫೋಟೋ ಸ್ವಲ್ಪ ಕೆಡುತ್ತದೆ. ಕಾರ್ಡ್ ಕೆಟ್ಟರೆ ಮದುವೆಯೇ ಹೋಗುತ್ತದೆ.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು (ಸೆನ್ಸರ್ ಹಿಡಿದದ್ದೆಲ್ಲ ಇರುವ ಫೈಲು), ಕಂಪ್ರೆಸ್ ಮಾಡಿದ್ದಾದರೆ, ಸುಮಾರು 25ರಿಂದ 30 ಎಂಬಿ. 64 ಜಿಬಿ ಕಾರ್ಡಿಗೆ ಸುಮಾರು ಎರಡು ಸಾವಿರ ಹಿಡಿಸುತ್ತದೆ. ಸಣ್ಣ ಮದುವೆಗೆ ಬೇಕಾದಷ್ಟಾಯಿತು. ನಿಮ್ಮ ಕ್ಯಾಮೆರಾದಲ್ಲಿ ಎರಡು ಕಾರ್ಡ್ ಜಾಗ ಇದ್ದರೆ ಎರಡಕ್ಕೂ ಒಂದೇ ಫೋಟೋ ಹೋಗುವ ಹಾಗೆ ಬ್ಯಾಕಪ್ ಮೋಡಿನಲ್ಲಿ ಇಡಿ. ಒಂದು ತುಂಬಿದ ಮೇಲೆ ಇನ್ನೊಂದು ಅನ್ನುವ ಮೋಡ್ ಮದುವೆಗೆ ಅಲ್ಲ. ಒಂದೇ ಜಾಗ ಇರುವ ಕ್ಯಾಮೆರಾ ಆದರೆ ಒಂದು ದೊಡ್ಡ ಕಾರ್ಡಿನ ಬದಲು ಎರಡು ಮೂರು ಚಿಕ್ಕವು ಇಟ್ಟುಕೊಂಡು, ಶಾಸ್ತ್ರ ಶಾಸ್ತ್ರದ ನಡುವೆ ಬದಲಿಸಿ. ಅರಿಶಿಣ ಒಂದು, ಮುಹೂರ್ತ ಒಂದು, ಆರತಕ್ಷತೆ ಒಂದು. ಇದಕ್ಕೆ ಒಪ್ಪದವರೂ ಇದ್ದಾರೆ, ತೆಗೆದು ಹಾಕುವಾಗಲೇ ಕಾರ್ಡ್ ಕಳೆಯುತ್ತದೆ ಅನ್ನುತ್ತಾರೆ. ಅವರ ಮಾತಲ್ಲಿ ನಿಜ ಇದೆ. ಅದಕ್ಕೇ ತುಂಬಿದ ಕಾರ್ಡ್ ಬ್ಯಾಗಿನಲ್ಲಿ ಇರಬಾರದು, ಮದುವೆ ಮನೆ ಬೀರುವಿನ ಕೀಲಿಯ ಹಾಗೆ ನಿಮ್ಮ ಸೊಂಟದಲ್ಲೇ ಇರಬೇಕು. ಜಿಪ್ ಇರುವ ಸಣ್ಣ ಪೌಚ್ ಸಾಕು. ಖಾಲಿ ಕಾರ್ಡ್ ಲೇಬಲ್ ಮೇಲಕ್ಕೆ, ತುಂಬಿದ್ದು ಲೇಬಲ್ ಕೆಳಕ್ಕೆ. ಒಂದೇ ನಿಯಮ, ಯಾವತ್ತೂ ಬದಲಾಯಿಸಬೇಡಿ.

ಕಾರ್ಡ್ ಮೇಲೆ ವಿ30 ಅಂತ ಇದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅಂತ ಅರ್ಥ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ ಹತ್ತು ಫೋಟೋ ಹೊಡೆದರೆ 300 ಎಂಬಿ. ಬಾಕಿ ಎಲ್ಲಿ ಹೋಗಬೇಕು? ಕ್ಯಾಮೆರಾದ ಒಳಗಿನ ಬಫರಿನಲ್ಲಿ ಕಾಯುತ್ತಿರುತ್ತದೆ. ಬಫರ್ ತುಂಬಿತೋ, ಕ್ಯಾಮೆರಾ ನಿಧಾನ ಆಗುತ್ತದೆ. ಗಟ್ಟಿಮೇಳ ಶುರುವಾದ ತಕ್ಷಣ ಬೆರಳು ಒತ್ತಿ ಹಿಡಿದು, ಅಕ್ಕಿಕಾಳು ಹಾರುವುದನ್ನೆಲ್ಲ ಹೊಡೆದು, ಕೊನೇ ಗಂಟು ಹಾಕುವ ಹೊತ್ತಿಗೆ ಕ್ಯಾಮೆರಾ ‘ಬ್ಯುಸಿ’ ಅಂತ ಕೂರುವುದನ್ನು ನಾನು ಎಷ್ಟೋ ಮದುವೆಯಲ್ಲಿ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮೂರು ಮೂರು ಫೋಟೋ, ಬಿಟ್ಟು ಬಿಟ್ಟು. ಅಭ್ಯಾಸ ಮಾಡಿಕೊಳ್ಳಿ.

ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಅಲ್ಲ. ಮುಂಚಿನ ಫೋಟೋ ಕಾಪಿ ಆಗಿದೆಯಾ ಅಂತ ನೋಡಿದ ಮೇಲೆ. ಹೊಸ ಕಾರ್ಡ್ ಕೊಂಡರೆ ಮದುವೆ ದಿನ ಕವರ್ ಹರಿಯಬೇಡಿ. ನಕಲಿ ಕಾರ್ಡುಗಳ ಕಥೆ ನಿಮಗೆ ಗೊತ್ತು. ಹೊರಗೆ 128 ಅಂತ ಬರೆದಿರುತ್ತದೆ, ಒಳಗೆ 16 ಇರುತ್ತದೆ, ಅಲ್ಲಿಂದ ಮುಂದೆ ಬರೆದದ್ದೆಲ್ಲ ಗಾಳಿಗೆ. ಒಂದು ಸಲ ಪೂರ್ತಿ ತುಂಬಿಸಿ, ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ನಂಬಿ.

ಬ್ಯಾಟರಿ ಮೂರು ಇರಲಿ. ಮಿರರ್‌ಲೆಸ್ ಕ್ಯಾಮೆರಾಗಳು ಪರದೆಗೆ ಸದಾ ಕರೆಂಟ್ ತಿನ್ನುತ್ತಿರುತ್ತವೆ. ಅದಕ್ಕಿಂತ ಜಾಸ್ತಿ ತಿನ್ನುವುದು ಚಿಕ್ಕಮ್ಮಂದಿರು. ‘ತೋರಿಸು ನೋಡಣ, ನಂದು ಹೆಂಗೆ ಬಂದಿದೆ?’ ಅಂತ ಪ್ರತಿ ಫೋಟೋ ತೋರಿಸುತ್ತಾ ಹೋದರೆ ಮುಹೂರ್ತಕ್ಕೆ ಮುಂಚೆ ಒಂದು ಬ್ಯಾಟರಿ ಮುಗಿದಿರುತ್ತದೆ. ಊಟ ಆದಮೇಲೆ ತೋರಿಸುತ್ತೇನೆ ಅನ್ನಿ. ಚಾರ್ಜಿಂಗ್ ನಿಮ್ಮ ಮನೆಯಲ್ಲೇ ಹಿಂದಿನ ರಾತ್ರಿ ಮುಗಿಯಲಿ. ಮದುವೆ ಮನೆಯ ಪ್ಲಗ್ಗನ್ನು ನಂಬಬೇಡಿ. ಅದರಲ್ಲಿ ಮಿಕ್ಸರ್ ಇರುತ್ತದೆ, ಇಲ್ಲವೇ ಹತ್ತು ಮೊಬೈಲ್. ಉಬ್ಬಿದ ಬ್ಯಾಟರಿ ಇದ್ದರೆ ಒತ್ತಿ ತುರುಕಬೇಡಿ, ಕೈಬಿಡಿ.

ಇನ್ನೊಂದು ಪೈಸೆ ಖರ್ಚಿಲ್ಲದ ಕೆಲಸ. ಕ್ಯಾಮೆರಾದ ಗಡಿಯಾರ ಸರಿ ಮಾಡಿ. ನಿಮ್ಮದು ಒಂದು, ಕಸಿನ್‌ದು ಒಂದು, ಹೀಗೆ ಎರಡು ಕ್ಯಾಮೆರಾ ಇದ್ದರೆ ಇದು ಬಹಳ ಮುಖ್ಯ. ಬಹಳ ದಿನ ಬ್ಯಾಟರಿ ಇಲ್ಲದೆ ಇಟ್ಟ ಕ್ಯಾಮೆರಾದಲ್ಲಿ ತಾರೀಖು ಹಿಂದಕ್ಕೆ ಹೋಗಿರುತ್ತದೆ. ಆಮೇಲೆ ಎರಡರ ಫೋಟೋ ಸೇರಿಸಿ ಸಮಯದ ಪ್ರಕಾರ ಜೋಡಿಸಿದರೆ ಊಟ ಮೊದಲು, ಧಾರೆ ಆಮೇಲೆ. ಬೆಳಿಗ್ಗೆ ಎರಡೂ ಕ್ಯಾಮೆರಾದಿಂದ ಒಂದೇ ಮೊಬೈಲಿನ ಗಡಿಯಾರದ ಫೋಟೋ ತೆಗೆದುಬಿಡಿ, ಸೆಕೆಂಡ್ ಕಾಣುವ ಹಾಗೆ. ಎಷ್ಟು ವ್ಯತ್ಯಾಸ ಇದೆ ಅಂತ ಗೊತ್ತಿದ್ದರೆ ಸಾಫ್ಟ್‌ವೇರಿನಲ್ಲಿ ಒಂದೇ ಸಲಕ್ಕೆ ಸರಿ ಮಾಡಬಹುದು.

ಮದುವೆಯ ವಾರ ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಡಿ, ಯಾರು ಏನೇ ಹೇಳಲಿ. ಹಿಂದಿನ ದಿನ ಸೆಟ್ಟಿಂಗ್ ನೋಡಿಕೊಳ್ಳಿ. ರಾ ಮತ್ತು ಜೆಪೆಗ್ ಎರಡೂ, ಬೀಪ್ ಶಬ್ದ ಬಂದ್, ಆಟೋ ಐಎಸ್‌ಒ ಹಾಕಿ ಕನಿಷ್ಠ ಶಟರ್ 1/160ರ ಆಸುಪಾಸು. ಪಟ್ಟಿ ಬಂದ ಮನೆಯಾದರೆ 1/100. ಮುಖ ಹುಡುಕುವ ಫೋಕಸ್ ಒಳ್ಳೆಯದೇ, ಆದರೆ ಬಾಸಿಂಗ ಕಟ್ಟಿದ ಮೇಲೆ ಅದು ಕೆಲವು ಸಲ ತಬ್ಬಿಬ್ಬಾಗುತ್ತದೆ. ತಲೆ ಬಗ್ಗಿಸಿದ ಹೆಣ್ಣು, ಮುಂದೆ ತೂಗುವ ಹೂವಿನ ಎಳೆ, ಹಿಂದೆ ನೋಡುತ್ತಿರುವ ಅತ್ತೆ. ಕ್ಯಾಮೆರಾ ಅತ್ತೆಯನ್ನು ಆರಿಸಿಕೊಳ್ಳುತ್ತದೆ. ನಡುವಿನ ಒಂದೇ ಬಿಂದುವಿಗೆ ಬದಲಾಗುವ ಬಟನ್ ಯಾವುದು ಅಂತ ಬೆರಳಿಗೆ ಗೊತ್ತಿರಬೇಕು. ಇದಕ್ಕೆ ನಾನು ಹೇಳುವ ಅಭ್ಯಾಸ ಒಂದಿದೆ. ರಾತ್ರಿ ಅಡುಗೆಮನೆಯಲ್ಲಿ ಅಮ್ಮ ರೊಟ್ಟಿ ತಟ್ಟುವಾಗ ಟ್ಯೂಬ್‌ಲೈಟಿನ ಬೆಳಕಲ್ಲೇ ಫೋಟೋ ತೆಗೆಯಿರಿ. ಕೈ ಆಡುತ್ತಿರುತ್ತದೆ, ಮುಖ ಬಗ್ಗಿರುತ್ತದೆ, ಬೆಳಕು ಕಡಿಮೆ, ಜಾಗ ಇಕ್ಕಟ್ಟು. ಮಾಂಗಲ್ಯ ಕಟ್ಟುವಾಗ ಬರುವ ಕಷ್ಟವೆಲ್ಲ ಅಲ್ಲೇ ಇದೆ.

ಅರಿಶಿಣದ ದಿನಕ್ಕೆ ಬೇರೆ ತಯಾರಿ. ಅರಿಶಿಣ, ಎಣ್ಣೆ, ನೀರು ಮೂರೂ ಹಾರುತ್ತವೆ, ಹುಡುಗಿಯರು ಮೊದಲು ಗುರಿ ಇಡುವುದೇ ಕ್ಯಾಮೆರಾ ಹಿಡಿದವನಿಗೆ. ಅವತ್ತು ಲೆನ್ಸ್ ಬದಲಿಸುವ ಯೋಚನೆಯೇ ಬೇಡ, ಒಂದೇ ಲೆನ್ಸ್. ಮುಂದೆ ಯುವಿ ಫಿಲ್ಟರ್, ಕ್ಯಾಮೆರಾ ಮೈಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವರ್, ಲೆನ್ಸ್ ಬಾಯಿಗೆ ರಬ್ಬರ್ ಬ್ಯಾಂಡ್. ಪುಡಿ ಬಿದ್ದರೆ ಮೊದಲು ಬ್ಲೋಯರಿನಿಂದ (ಒತ್ತಿದರೆ ಗಾಳಿ ಊದುವ ರಬ್ಬರ್ ಉಂಡೆ) ಊದಿ, ಆಮೇಲೆ ಬಟ್ಟೆ. ಬಾಯಿಂದ ಊದಬೇಡಿ, ಎಂಜಲು ಸೇರಿ ಅಂಟುತ್ತದೆ. ದಾವಣಗೆರೆ ಅಂದಮೇಲೆ ಮಧ್ಯೆ ಯಾರೋ ಮಿರ್ಚಿ ಮಂಡಕ್ಕಿ ತಂದು ಕೈಗಿಡುತ್ತಾರೆ. ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಆ ಎಣ್ಣೆ ಕೈಯಲ್ಲಿ ಲೆನ್ಸ್ ಮುಟ್ಟಬೇಡಿ. ಬ್ಯಾಗಿನ ಹೊರ ಜೇಬಲ್ಲಿ ಒಂದು ಸಣ್ಣ ಟವೆಲ್ ಇರಲಿ.

ಏಪ್ರಿಲ್, ಮೇ ಮದುವೆ ಆದರೆ ಕಾರಿನಲ್ಲಿ ಬ್ಯಾಗ್ ಬಿಡಲೇಬೇಡಿ. ಹೊರಗೇ ನಲವತ್ತರ ಹತ್ತಿರ ಇರುತ್ತದೆ, ಮುಚ್ಚಿದ ಕಾರಿನ ಒಳಗೆ ಇನ್ನೂ ಎಷ್ಟೋ ಜಾಸ್ತಿ. ಬ್ಯಾಟರಿಗೂ ಲೆನ್ಸಿನ ಒಳಗಿನ ಗ್ರೀಸಿಗೂ ಅದು ಆಗಿಬರುವುದಿಲ್ಲ. ಶ್ರಾವಣದ ಮದುವೆ ಆದರೆ ಎಸಿ ಕಾರಿನಿಂದ ಇಳಿದ ತಕ್ಷಣ ಲೆನ್ಸ್ ಮಂಜಾಗುತ್ತದೆ. ಬ್ಯಾಗ್ ಮುಚ್ಚಿಟ್ಟೇ ಇಪ್ಪತ್ತು ನಿಮಿಷ ಬಿಡಿ. ಮತ್ತೆ, ಸಾಕ್ಸ್. ನಗಬೇಡಿ. ಮಂಟಪದ ಹತ್ತಿರ ಚಪ್ಪಲಿ ಬಿಡಬೇಕು. ಮಧ್ಯಾಹ್ನದ ಅಂಗಳದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವನ ಕ್ಯಾಮೆರಾ ಅಲುಗದೆ ಇರುವುದಿಲ್ಲ. ಎರಡು ಜೊತೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ, ಒಂದು ಒದ್ದೆ ಆಗಿಯೇ ಆಗುತ್ತದೆ.

ಇಷ್ಟಾದ ಮೇಲೆ ಬ್ಯಾಗ್ ತುಂಬಿ. ನೋಡಿ, ಅದು ಈಗ ಎಷ್ಟು ಹಗುರ ಇದೆ. ಒಂದು ಬಾಡಿ, ಎರಡು ಲೆನ್ಸ್, ಒಂದು ಫ್ಲ್ಯಾಶ್, ಕಾರ್ಡ್, ಬ್ಯಾಟರಿ, ಬ್ಲೋಯರ್, ಟವೆಲ್. ಎರಡನೇ ಬಾಡಿ ಇಲ್ಲವೇ? ಇದೆ, ಜೇಬಿನಲ್ಲಿ. ಮೊಬೈಲ್ ಚಾರ್ಜ್ ಪೂರ್ತಿ ಇರಲಿ, ಒಂದಷ್ಟು ಜಿಬಿ ಖಾಲಿ ಇರಲಿ, ಲೆನ್ಸ್ ಒರೆಸಿರಲಿ. ಕ್ಯಾಮೆರಾ ಕೈಕೊಟ್ಟರೆ ಮಾಂಗಲ್ಯದ ಫೋಟೋ ಮೊಬೈಲಿನಲ್ಲಿ ಬರುತ್ತದೆ, ಯಾರೂ ಅದಕ್ಕೆ ಬೈಯುವುದಿಲ್ಲ.

ಎಲ್ಲರ ಗ್ರೂಪ್ ಫೋಟೋಕ್ಕೆ ಬೇಕಾದ ಸಾಮಾನು ಬ್ಯಾಗಿನಲ್ಲಿ ಹಿಡಿಸುವುದಿಲ್ಲ, ಅದು ಮದುವೆ ಮನೆಯ ಸ್ಟೂಲ್. ಎತ್ತರ ಹತ್ತಿ ತೆಗೆದರೆ ಹಿಂದಿನ ಸಾಲಿನವರ ಮುಖ ಕಾಣುತ್ತದೆ. ಎಫ್ 8, ಮೂರು ಸಾಲು, ಮನೆ ಮುಂದಿನ ಕಟ್ಟೆ ಮೆಟ್ಟಿಲು ಬಳಸಿಕೊಳ್ಳಿ. ಊಟಕ್ಕೆ ಮುಂಚೆಯೇ ತೆಗೆದುಬಿಡಿ, ಊಟ ಆದಮೇಲೆ ಅರ್ಧ ಜನ ಬಸ್ಸಿಗೆ ಹೋಗಿರುತ್ತಾರೆ. ಅವತ್ತು ರಾತ್ರಿಯೇ ಲ್ಯಾಪ್‌ಟಾಪಿಗೆ ಒಂದು, ಹಾರ್ಡ್‌ಡಿಸ್ಕಿಗೆ ಒಂದು ಕಾಪಿ. ಎರಡೂ ಕಡೆ ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಇಲ್ಲ.

ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ: ಮದುವೆ ಆದ ಮಾರನೇ ದಿನ ಜೋಡಿಯನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುವುದಾದರೆ ಇನ್ನೇನು ಬೇಕು ಅಂತ. ಇನ್ನೇನು ಬೇಡ, ಕೆಲವು ಬಿಟ್ಟು ಹೋಗಬೇಕು. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದ್ದು. ಟ್ರೈಪಾಡ್, ಸ್ಟ್ಯಾಂಡು, ಡ್ರೋನ್‌ಗೆಲ್ಲ ಮೊದಲೇ ಅನುಮತಿ ಬೇಕು. 35 ಎಂಎಂ ಒಂದನ್ನೇ ಹಾಕಿಕೊಂಡು ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ಬಿಸಿಲೇರಿದರೆ ಆ ಬಂಡೆಗಳು ಕಾಯುತ್ತವೆ, ಗಂಡು ಹೆಣ್ಣು ಇಬ್ಬರೂ ಬೆವೆತು ಕೆಂಪಾಗುತ್ತಾರೆ. ಏಳು ಸುತ್ತಿನ ಕೋಟೆ, ಮೆಟ್ಟಿಲು ಜಾಸ್ತಿ. ರೇಷ್ಮೆ ಸೀರೆಯ ಕೆಳಗೆ ಹೆಣ್ಣಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬರಲು ಹೇಳಿ, ಫೋಟೋದಲ್ಲಿ ಕಾಣುವುದಿಲ್ಲ.